ಒಂದು ವರ್ಷದ ಬಾಡಿಗೆ ಮನೆ, ಹೊಸದೊಂದು ಚಾಪ್ಟರ್: ನನ್ನ ಅನುಭವ

2016ರ ಆಗಸ್ಟ್ ಮೊದಲ ವಾರದಲ್ಲಿ ಅಮೆರಿಕದ ಮಿಡ್‌ವೆಸ್ಟ್ ಭಾಗದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಊರಿಗೆ ನಾನು ಬಂದಿಳಿದಾಗ ಆ ಕ್ಯಾಂಪಸ್ಸಿನಲ್ಲಿ ನಮ್ಮ ಸೊರೋರಿಟಿಯ, ಅಂದರೆ ವಿದ್ಯಾರ್ಥಿನಿಯರ ಸಂಘದ, ಸದಸ್ಯೆ ಒಬ್ಬಳೂ ಇರಲಿಲ್ಲ. ಮುಂದಿನ ಮೇ ತಿಂಗಳಲ್ಲಿ ನಾನು ಹೊರಡುವ ಹೊತ್ತಿಗೆ ಅಲ್ಲಿ ತನ್ನದೇ ಅಧ್ಯಕ್ಷೆ, ಖಜಾಂಚಿ, ಬ್ಯಾಂಕ್ ಖಾತೆ ಮತ್ತು ನಿಯಮಾವಳಿಗಳಿರುವ ಒಂದು ಚಾಪ್ಟರ್, ಅಂದರೆ ಸಂಘದ ಸ್ಥಳೀಯ ಶಾಖೆ, ನಡೆಯುತ್ತಿರಬೇಕು ಎಂಬುದು ನನಗೆ ಒಪ್ಪಿಸಿದ್ದ ಕೆಲಸ. ಹುದ್ದೆಯ ಹೆಸರು ರೆಸಿಡೆಂಟ್ ಕನ್ಸಲ್ಟೆಂಟ್. ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ಮೈಸೂರು ಬಿಟ್ಟು ಅಪ್ಪ ಅಮ್ಮನೊಂದಿಗೆ ನ್ಯೂಜೆರ್ಸಿಗೆ ಬಂದವಳು. ಪದವಿ ಮುಗಿಸಿದ ಮಗಳು ಕಂಪನಿಯ ಕೆಲಸ ಹಿಡಿಯದೆ ಇದಕ್ಕೆ ಸೇರಿದಳೆಂದು ತಿಳಿದಾಗ ಅಮ್ಮ ಕೇಳಿದ್ದು, "ಅಂದರೆ ಹಾಸ್ಟೆಲ್ ವಾರ್ಡನ್ ಕೆಲಸವೇನೇ?" ಎಂದು. ಅಲ್ಲವೆಂದು ಅವರಿಗೆ ಮನವರಿಕೆ ಮಾಡಿಕೊಡುವುದರೊಳಗೆ ವರ್ಷವೇ ಮುಗಿಯಿತು.

ಸೊರೋರಿಟಿಯೆಂದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಕಟ್ಟಿಕೊಳ್ಳುವ, ಗ್ರೀಕ್ ಅಕ್ಷರಗಳ ಹೆಸರಿನ, ಪದವಿಯ ನಂತರವೂ ಸದಸ್ಯತ್ವ ಉಳಿಯುವ ಸಂಘ. 1870ರಲ್ಲಿ ಇಂಡಿಯಾನಾದಲ್ಲಿ ಕಪ್ಪಾ ಆಲ್ಫಾ ಥೀಟಾ ಹುಟ್ಟಿದಾಗ ಸೊರೋರಿಟಿ ಎಂಬ ಪದವೇ ಬಳಕೆಯಲ್ಲಿರಲಿಲ್ಲ. 1874ರಲ್ಲಿ ಸಿರಾಕ್ಯೂಸ್‌ನಲ್ಲಿ ಆರಂಭವಾದ ಗಾಮಾ ಫೈ ಬೀಟಾದ ಹುಡುಗಿಯರಿಗೆ ಅಲ್ಲಿನ ಲ್ಯಾಟಿನ್ ಅಧ್ಯಾಪಕ ಫ್ರಾಂಕ್ ಸ್ಮಾಲಿ ಆ ಪದವನ್ನು ಸೂಚಿಸಿದರು. ಈಗ ಇಂಥ 26 ಸಂಘಟನೆಗಳು 1902ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಒಕ್ಕೂಟದಡಿ ಇವೆ. ಇಷ್ಟು ಹಳೆಯ ಸಂಘಟನೆಯೂ ಹೊಸ ಕ್ಯಾಂಪಸ್ಸಿಗೆ ತನ್ನಿಚ್ಛೆಯಂತೆ ಕಾಲಿಡುವಂತಿಲ್ಲ. ಅಲ್ಲಿ ಆಗಲೇ ಇರುವ ಚಾಪ್ಟರ್‌ಗಳ ಪ್ಯಾನ್‌ಹೆಲೆನಿಕ್ ಮಂಡಳಿ ಮತ ಹಾಕಿ ಬಾಗಿಲು ತೆರೆಯಬೇಕು, ಅರ್ಜಿ ಹಾಕಿದವರಲ್ಲಿ ಕೆಲವರನ್ನು ಕರೆಸಿ ಅವರ ಮಾತು ಕೇಳಬೇಕು, ಆಮೇಲೆ ಒಬ್ಬರನ್ನು ಆರಿಸಬೇಕು. ಆಯ್ಕೆಯಾದ ಗುಂಪಿಗೆ ಸನ್ನದು ಸಿಗುವವರೆಗೆ ಆಗ 'ಕಾಲೊನಿ' ಎಂಬ ಹೆಸರಿತ್ತು. ಕಾಲೊನಿಯೆಂದರೆ ರೈಲ್ವೆ ಕಾಲೊನಿ, ಬ್ಯಾಂಕ್ ಕಾಲೊನಿ ಎಂದು ತಿಳಿದು ಬೆಳೆದ ನನಗೆ ಮೊದಮೊದಲು ನಗು ಬರುತ್ತಿತ್ತು. ವಸಾಹತಿನ ವಾಸನೆಯ ಆ ಪದವನ್ನು ಈಚಿನ ವರ್ಷಗಳಲ್ಲಿ ಅನೇಕ ಸಂಘಟನೆಗಳು ಕೈಬಿಟ್ಟಿರುವುದು ಒಳ್ಳೆಯದೇ ಆಯಿತು.

ಕೇಂದ್ರ ಕಚೇರಿಯ ಕನ್ಸಲ್ಟೆಂಟರಲ್ಲಿ ಹೆಚ್ಚಿನವರು ಸಂಚಾರದಲ್ಲಿರುತ್ತಾರೆ. ಒಂದು ಚಾಪ್ಟರಿನಲ್ಲಿ ಮೂರು ನಾಲ್ಕು ದಿನ ಉಳಿದು, ಲೆಕ್ಕಪತ್ರ ನೋಡಿ, ಪದಾಧಿಕಾರಿಗಳೊಂದಿಗೆ ಮಾತನಾಡಿ, ವರದಿ ಬರೆದು, ಸೂಟ್‌ಕೇಸ್ ಎಳೆದುಕೊಂಡು ಮುಂದಿನ ಊರಿಗೆ ಹೊರಡುತ್ತಾರೆ. ಏನೂ ಇಲ್ಲದಲ್ಲಿ ಕಟ್ಟಬೇಕಾದಾಗ ಆ ಕ್ರಮ ಸಾಲದು. ಊರಿನಲ್ಲೇ ಇದ್ದು, ಅದೇ ಅಂಗಡಿಯಲ್ಲಿ ಹಾಲು ಕೊಂಡು, ಪರೀಕ್ಷೆಯ ವಾರ ಯಾವುದು, ಯಾವ ಬಸ್ಸು ರಾತ್ರಿ ಎಷ್ಟರವರೆಗೆ ಓಡುತ್ತದೆ ಎಂಬುದನ್ನೆಲ್ಲ ಬಲ್ಲ ಒಬ್ಬರು ಬೇಕಾಗುತ್ತದೆ. ನಾವು ಇಬ್ಬರಿದ್ದೆವು, ನಾನು ಮತ್ತು ಟೆಕ್ಸಸ್‌ನ ಒಬ್ಬ ಗೆಳತಿ. ಹಳೆಯ ಚಾಪ್ಟರ್‌ಗಳಿಗಿರುವಂಥ ದೊಡ್ಡ ಮನೆ ನಮಗಿಲ್ಲವಾದ್ದರಿಂದ ಕ್ಯಾಂಪಸ್ಸಿಗೆ ಹತ್ತು ನಿಮಿಷದ ನಡಿಗೆಯಲ್ಲಿ ಎರಡು ಕೋಣೆಗಳ ಅಪಾರ್ಟ್‌ಮೆಂಟೊಂದನ್ನು ಸಂಘಟನೆಯೇ ಬಾಡಿಗೆಗೆ ಹಿಡಿದಿತ್ತು. ಅದರ ಹಜಾರ ನಮ್ಮ ಕಚೇರಿಯೂ ಹೌದು, ಉಗ್ರಾಣವೂ ಹೌದು. ಟೀ ಶರ್ಟುಗಳ ರಟ್ಟಿನ ಡಬ್ಬಗಳ ಸಂದಿಯಲ್ಲಿ ಅಡ್ಡವಾಗಿ ನಡೆಯಬೇಕಿತ್ತು. ಬಟ್ಟೆಯ ಕಪಾಟಿನ ತಳದಲ್ಲಿ ದೀಕ್ಷಾವಿಧಿಯ ಸಾಮಗ್ರಿಗಳಿದ್ದ, ಬೀಗ ಹಾಕಿದ ಟ್ರಂಕೊಂದಿತ್ತು. ಅದರೊಳಗೇನಿದೆ ಎಂಬುದನ್ನು ಸದಸ್ಯೆಯರಲ್ಲದವರಿಗೆ ಹೇಳುವಂತಿಲ್ಲ, ಹಾಗಾಗಿ ಇಲ್ಲಿಯೂ ಹೇಳುವುದಿಲ್ಲ.

ಉಳಿದ ಚಾಪ್ಟರ್‌ಗಳ ಹೊಸ ಸದಸ್ಯೆಯರ ನೇಮಕಾತಿ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ನಮ್ಮದು ಶುರುವಾಯಿತು. ಅಲ್ಲಿ ತೋರಿಸಲು ಅವರಿಗೆ ಮನೆಯಿತ್ತು, ಹಾಡುವ ಸದಸ್ಯೆಯರಿದ್ದರು. ನಮ್ಮ ಬಳಿ ಇದ್ದದ್ದು ವಿದ್ಯಾರ್ಥಿ ಭವನದ ಕಾಫಿ ಅಂಗಡಿಯ ಪಕ್ಕದ ಒಂದು ಮೇಜು, ಎರಡು ಕುರ್ಚಿ, ಒಂದು ಪುಟ್ಟ ಬ್ಯಾನರ್. ಬರುವ ಹುಡುಗಿಯೊಂದಿಗೆ ಇಪ್ಪತ್ತು ನಿಮಿಷ ಮಾತು, ಐದು ನಿಮಿಷ ಟಿಪ್ಪಣಿ, ಮತ್ತೊಬ್ಬಳು. ಹೀಗೆ ಎಂಟು ದಿನ. ಕಚೇರಿ ಕೊಟ್ಟ ಪ್ರಶ್ನಾವಳಿಯಲ್ಲಿ ನಿಮ್ಮ ಮೌಲ್ಯಗಳೇನು, ನಾಯಕತ್ವವೆಂದರೇನು ಎಂಬಂಥ ಪ್ರಶ್ನೆಗಳಿದ್ದವು, ಅವುಗಳಿಗೆ ಎಲ್ಲರೂ ಒಂದೇ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಮೂರನೆಯ ದಿನದಿಂದ ನನ್ನದೊಂದು ಪ್ರಶ್ನೆಯನ್ನು ಸೇರಿಸಿಕೊಂಡೆ: ಯಾವುದಾದರೂ ಸಂಘಕ್ಕೆ ಸೇರಿ ಅರ್ಧದಲ್ಲಿ ಬಿಟ್ಟದ್ದುಂಟೇ, ಬಿಟ್ಟದ್ದೇಕೆ? ಇದಕ್ಕೆ ಸಿದ್ಧ ಉತ್ತರ ಯಾರಲ್ಲೂ ಇರಲಿಲ್ಲ. ಎರಡನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಸ್ವಲ್ಪ ಯೋಚಿಸಿ, ತಾನು ಬ್ಯಾಂಡಿನಲ್ಲಿದ್ದಾಗ ವಾದ್ಯಗಳ ಲೆಕ್ಕ ಯಾರೂ ಇಡುತ್ತಿರಲಿಲ್ಲವೆಂದೂ, ಒಂದು ನೋಟ್‌ಬುಕ್ಕಿನಲ್ಲಿ ತಾನೇ ಬರೆದಿಡತೊಡಗಿದಳೆಂದೂ, ಅದನ್ನು ಯಾರೂ ತೆರೆದು ಕೂಡ ನೋಡಲಿಲ್ಲವಾದ್ದರಿಂದ ಬೇಸತ್ತು ಬಿಟ್ಟಳೆಂದೂ ಹೇಳಿದಳು. ಅವಳ ಹೆಸರಿನ ಮುಂದೆ ನಾನು ಬರೆದದ್ದು ಒಂದೇ ಪದ, 'ಖಜಾಂಚಿ'.

ಆ ಟಿಪ್ಪಣಿಗಳ ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿದ್ದುದಕ್ಕೆ ಕಾರಣವಿದೆ. 2013ರ ಸೆಪ್ಟೆಂಬರಿನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ದಿ ಕ್ರಿಮ್ಸನ್ ವೈಟ್, ಅಲ್ಲಿನ ಸೊರೋರಿಟಿಗಳಲ್ಲಿ ಕಪ್ಪು ವಿದ್ಯಾರ್ಥಿನಿಯರನ್ನು ಸೇರಿಸಿಕೊಳ್ಳದಂತೆ ಹಳೆಯ ಸದಸ್ಯೆಯರೇ ತಡೆಯುತ್ತಿದ್ದ ಸಂಗತಿಯನ್ನು ಬಯಲಿಗೆಳೆದಿತ್ತು. ಆಗ ನಾನು ವಿದ್ಯಾರ್ಥಿನಿ; ಆ ವರದಿಯನ್ನು ಓದಿದ ರಾತ್ರಿ ನನ್ನ ಎದೆಯ ಮೇಲಿನ ಸೊರೋರಿಟಿಯ ಪಿನ್ನನ್ನು ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದ್ದೆ. ನನ್ನನ್ನು ಕಂಡು ಧೈರ್ಯ ತಂದುಕೊಂಡ ಗುಜರಾತಿ ಮನೆಯ ಹುಡುಗಿಯೊಬ್ಬಳು ಸಂದರ್ಶನದಲ್ಲಿ ನೇರವಾಗಿಯೇ ಕೇಳಿದಳು: ನಮ್ಮವರಿಗೆಂದೇ ಸೊರೋರಿಟಿಗಳಿರುವಾಗ ಇಲ್ಲಿಗೇಕೆ ಬರಬೇಕು? ಪ್ರಶ್ನೆ ನ್ಯಾಯವಾದುದೇ. ಕಪ್ಪು ವಿದ್ಯಾರ್ಥಿನಿಯರು 1908ರಲ್ಲಿಯೇ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾವನ್ನು ಕಟ್ಟಿಕೊಂಡರು. ದಕ್ಷಿಣ ಏಷ್ಯಾ ಮೂಲದವರು 1998ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾವನ್ನು ಆರಂಭಿಸಿದರು. ಅವನ್ನು ಬಿಟ್ಟು ಬಾ ಎಂದು ನಾನು ಅವಳಿಗೆ ಹೇಳಲಿಲ್ಲ. ಹೊಸ ಚಾಪ್ಟರಿನಲ್ಲಿ ಹಿಂದಿನವರ ಪಟ್ಟಿಯಿಲ್ಲ, ಅಮ್ಮನೋ ಅಜ್ಜಿಯೋ ಇಲ್ಲಿ ಸದಸ್ಯೆಯಾಗಿದ್ದರೆಂದು ಮುಂದೆ ನಿಲ್ಲುವವರಿಲ್ಲ, ಮೊದಲ ಸಾಲು ನಿಮ್ಮಂಥವರೇ ಬರೆಯುವುದು ಎಂದಷ್ಟೇ ಹೇಳಿದೆ. ಅವಳು ಸೇರಲಿಲ್ಲ. ಎರಡು ದಿನಗಳ ನಂತರ ತನ್ನ ರೂಮ್‌ಮೇಟ್‌ಳನ್ನು ಕಳುಹಿಸಿದಳು, ಆಕೆ ಸೇರಿದಳು.

ಎಷ್ಟು ಜನರನ್ನು ತೆಗೆದುಕೊಳ್ಳಬಹುದು ಎಂಬುದಕ್ಕೆ ಆ ಕ್ಯಾಂಪಸ್ಸಿನ ಚಾಪ್ಟರ್‌ಗಳ ಗಾತ್ರವನ್ನು ನೋಡಿ ನಿಗದಿಪಡಿಸುವ 'ಟೋಟಲ್' ಎಂಬ ಮಿತಿಯಿದೆ. ಮಿತಿಯನ್ನು ಮುಟ್ಟುವುದಕ್ಕಿಂತ ನನ್ನನ್ನು ಕಾಡಿದ್ದು ವಯಸ್ಸಿನ ಹದ. ಮೊದಲ ವರ್ಷದವರೇ ತುಂಬಿದರೆ ಕ್ಯಾಂಪಸ್ಸಿನ ದಾರಿ ಗೊತ್ತಿರುವವರೇ ಇರುವುದಿಲ್ಲ. ಕೊನೆಯ ವರ್ಷದವರು ಹೆಚ್ಚಾದರೆ ಮೇ ತಿಂಗಳಲ್ಲಿ ಪದವಿ ಪಡೆದು ಹೊರಟುಹೋಗುತ್ತಾರೆ. ಎರಡನೆಯ ವರ್ಷದವರ ಹಿಂದೆ ಬಿದ್ದೆವು. ಅಕ್ಟೋಬರಿನ ಒಂದು ಭಾನುವಾರ 92 ಮಂದಿ ಬಿಡ್, ಅಂದರೆ ಸೇರಲು ನಾವು ಕೊಟ್ಟ ಆಹ್ವಾನ, ಸ್ವೀಕರಿಸಿದರು. ಅಂದು ಎಲ್ಲರೂ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಹುಲ್ಲುಹಾಸಿನ ಮೇಲೆ ಫೋಟೋಕ್ಕೆ ನಿಂತಾಗ ಪಕ್ಕದವಳ ಹೆಸರು ಗೊತ್ತಿದ್ದವರು ಬಹುಶಃ ಹತ್ತು ಮಂದಿಯೂ ಇರಲಾರರು.

ನನ್ನ ತಪ್ಪು ಆಗಿದ್ದು ಇದರ ನಂತರ. ಪದಾಧಿಕಾರಿಗಳ ಆಯ್ಕೆ ಮುಗಿದು ಬ್ಯಾಂಡಿನ ಹುಡುಗಿಯೇ ಹಣಕಾಸಿನ ಜವಾಬ್ದಾರಿ ಹೊತ್ತಳು. ಬಜೆಟ್ ಸಲ್ಲಿಸಲು ಉಳಿದಿದ್ದು ನಾಲ್ಕು ದಿನ, ಅವಳಿಗೆ ಅದೇ ವಾರ ಎರಡು ಮಿಡ್‌ಟರ್ಮ್ ಪರೀಕ್ಷೆಗಳು. ನಾನು ಒಂದು ರಾತ್ರಿ ಕುಳಿತು ಇಡೀ ಬಜೆಟ್ ತಯಾರಿಸಿ, ಬೆಳಿಗ್ಗೆ ಅವಳ ಸಹಿಯನ್ನಷ್ಟೇ ಪಡೆದೆ. ಉಪಕಾರ ಮಾಡಿದೆನೆಂದೇ ಭಾವಿಸಿದ್ದೆ. ಮಾರ್ಚ್ ತಿಂಗಳಲ್ಲಿ ಕೆಲವರು ಸದಸ್ಯತ್ವದ ಶುಲ್ಕ ಕಟ್ಟಲಾಗದೆ ಬಿಡಲು ಹೊರಟರು. ಅವರಿಗೆ ಕಂತುಗಳಲ್ಲಿ ಕಟ್ಟಲು ಅವಕಾಶ ಕೊಟ್ಟರೆ ಯಾವ ಖರ್ಚನ್ನು ಮುಂದೂಡಬೇಕು ಎಂದು ಸೋಮವಾರದ ಸಭೆಯಲ್ಲಿ ಯಾರೋ ಕೇಳಿದರು. ಖಜಾಂಚಿ ಹಾಳೆ ತಿರುವಿದಳು, ಮತ್ತೆ ತಿರುವಿದಳು, ಆಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನ್ನತ್ತ ನೋಡಿದಳು. ತೊಂಬತ್ತು ತಲೆಗಳು ಹಿಂದಕ್ಕೆ ತಿರುಗಿದವು. ಯಾರೂ ನೋಡದ ಲೆಕ್ಕವನ್ನು ಇಟ್ಟು ಬೇಸತ್ತವಳನ್ನು ಹುಡುಕಿ ತಂದವಳು ನಾನೇ, ಅವಳ ಕೈಯಿಂದ ಲೆಕ್ಕವನ್ನು ಕಿತ್ತುಕೊಂಡವಳೂ ನಾನೇ.

ಅಂದು ರಾತ್ರಿ ಅವಳನ್ನು ಅಪಾರ್ಟ್‌ಮೆಂಟಿಗೆ ಕರೆದು, ಅನ್ನ ಸಾರು ಬಡಿಸಿ, ಕ್ಷಮೆ ಕೇಳಿದೆ. ಆಮೇಲೆ ಬಜೆಟ್ಟನ್ನು ಒಂದೊಂದೇ ಸಾಲಾಗಿ ಅಳಿಸಿದೆವು. ಅವಳು ಹೊಸದಾಗಿ ಬರೆದಳು, ನಾನು ಕೇಳಿದಾಗ ಮಾತ್ರ ಬಾಯಿ ತೆರೆದೆ. ಮೂರು ಸಂಜೆ ಹಿಡಿಯಿತು. ನಾನು ಬ್ಯಾನರ್‌ಗಳಿಗೆಂದು ತೆಗೆದಿರಿಸಿದ್ದ ಮೊತ್ತದಲ್ಲಿ ಅರ್ಧವನ್ನು ಅವಳು ಹೊಡೆದು ಹಾಕಿದಳು, ಸರಿಯಾಗಿಯೇ ಮಾಡಿದಳು. ಆ ವಾರದಿಂದ ಗೋಡೆಯ ಮೇಲೊಂದು ಹಾಳೆ ಅಂಟಿಸಿ ಎರಡು ಕಲಂ ಗೀಚಿದೆ: ಈ ವಾರ ನಾನು ಮಾಡಿದ್ದು, ಮುಂದಿನ ವಾರ ಇದನ್ನು ಮಾಡಬೇಕಾದವರು. ಎರಡನೆಯ ಕಲಮಿನಲ್ಲಿ ನನ್ನ ಹೆಸರು ಬಂದರೆ ಟೆಕ್ಸಸ್‌ನವಳು ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಿದ್ದಳು. ಏಪ್ರಿಲ್ ಮೊದಲ ವಾರದಲ್ಲಿ ಏಳು ಸುತ್ತುಗಳಿದ್ದವು, ತಿಂಗಳ ಕೊನೆಯಲ್ಲಿ ಒಂದು.

ಸನ್ನದು ಪ್ರದಾನ ಫೆಬ್ರುವರಿಯಲ್ಲಿಯೇ ಆಗಿತ್ತು. ಸ್ಥಾಪಕ ಸದಸ್ಯೆಯರೆಲ್ಲರೂ ಬಿಳಿಯುಡುಪಿನಲ್ಲಿ ಬಂದರು, ಅಧಿಕಾರಿಗಳು ಮಾತನಾಡಿದರು, ಕೇಕ್ ಕತ್ತರಿಸಲಾಯಿತು, ತಾಯಂದಿರು ಅತ್ತರು. ಅದು ಫೋಟೋ ಆಲ್ಬಮ್ಮಿನ ದಿನ. ನನ್ನ ಲೆಕ್ಕದಲ್ಲಿ ಚಾಪ್ಟರಿನ ಪರೀಕ್ಷೆ ಎರಡನೆಯ ವರ್ಷದ ನೇಮಕಾತಿ, ಏಕೆಂದರೆ ಮೇಜಿನ ಆ ಬದಿ ಕುಳಿತು ಉತ್ತರ ಹೇಳಿದವರೇ ಈಗ ಈ ಬದಿ ಕುಳಿತು ಪ್ರಶ್ನೆ ಕೇಳಬೇಕು, ಮತ್ತು ಬರುವವರನ್ನು ಬಾಗಿಲಲ್ಲಿ ಎದುರುಗೊಳ್ಳುವ, ಅವರು ಒಮ್ಮೆಯೂ ಕಂಡಿರದ ಸ್ವಾಗತವನ್ನು ತಾವೇ ನಡೆಸಬೇಕು. ಏಪ್ರಿಲಿನ ನಾಲ್ಕು ಶನಿವಾರ ಇದರ ಅಭ್ಯಾಸ ನಡೆಯಿತು. ನಾನು ಹೊಸ ಹುಡುಗಿಯ ಪಾತ್ರ ವಹಿಸಿ, ಬೇಕೆಂದೇ ಒಂದೊಂದೇ ಪದದ ಉತ್ತರ ಕೊಡುತ್ತ, ಅವರನ್ನು ಚೆನ್ನಾಗಿ ಗೋಳು ಹೊಯ್ದುಕೊಂಡೆ. ಊರಿನಲ್ಲಿ ನೆಲೆಸಿದ ಹಳೆಯ ಸದಸ್ಯೆಯರ ಸಲಹಾ ಸಮಿತಿಗೆ ಕಡತಗಳನ್ನು ಒಪ್ಪಿಸಿದೆವು. ಟ್ರಂಕು, ಡಬ್ಬ, ಬ್ಯಾನರ್‌ಗಳ ಪಟ್ಟಿಯನ್ನು ಖಜಾಂಚಿಯೇ ತಯಾರಿಸಿದಳು. ಮೇ 15ರಂದು ಮನೆಯ ಕೀಲಿ ಹಿಂತಿರುಗಿಸಿ ನಾನು ನ್ಯೂಜೆರ್ಸಿಗೆ ಹೊರಟೆ.

ಸೆಪ್ಟೆಂಬರಿನಲ್ಲಿ, ಅವರ ನೇಮಕಾತಿಯ ವಾರ, ಫೋನ್ ಕೈಯಲ್ಲಿ ಹಿಡಿದೇ ಇದ್ದೆ. ಏಳನೆಯ ದಿನ ಖಜಾಂಚಿಯಿಂದ ಒಂದು ಸಂದೇಶ ಬಂತು. ಪಟ್ಟಿಯಲ್ಲಿ ಟ್ರಂಕಿಗೆ ಎರಡು ಕೀಲಿಗಳೆಂದು ಬರೆದಿದೆ, ಎಣಿಸಿದರೆ ಒಂದೇ ಇದೆ, ಇನ್ನೊಂದು ಎಲ್ಲಿ ಎಂದು ಕೇಳಿದ್ದಳು. ಅದು ನನ್ನ ಕೀಗೊಂಚಲಿನಲ್ಲೇ ಇತ್ತು. ಮರುದಿನ ಅಂಚೆಗೆ ಹಾಕಿದೆ.