ಪೋಲೆಂಡಿಗೆ ಹೊಸದಾಗಿ ಬಂದವರಿಗೆ: ಇಲ್ಲಿನ ಹಳೆಯ ವಾದವೊಂದು

ಪೆಸೆಲ್ ಎಂಬ ಸರ್ಕಾರಿ ಗುರುತಿನ ಸಂಖ್ಯೆ, ಬಾಡಿಗೆ ಕರಾರು, ಮಕ್ಕಳ ಶಾಲೆ ಇವೆಲ್ಲ ಒಂದಲ್ಲ ಒಂದು ದಿನ ಕೈಗೂಡುತ್ತವೆ. ಅರ್ಥವಾಗಲು ವರ್ಷಗಳೇ ಹಿಡಿಯುವುದು ‘ಪೋಲಿಷ್ ತನವೆಂದರೆ ಏನು’ ಎಂಬ ಇಲ್ಲಿನವರ ವಾದ.

1795ರಿಂದ 1918ರವರೆಗೆ, 123 ವರ್ಷ, ಈ ದೇಶ ನಕ್ಷೆಯಲ್ಲೇ ಇರಲಿಲ್ಲ; ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಇದನ್ನು ಹಂಚಿಕೊಂಡಿದ್ದವು. ರಷ್ಯನ್ ಮತ್ತು ಜರ್ಮನ್ ಭಾಷೆಗಳನ್ನು ಶಾಲೆಗಳಲ್ಲಿ ಹೇರಿದಾಗ ತಾಯ್ನುಡಿಗೆ ನೆರಳಾದದ್ದು ಮನೆ ಮತ್ತು ಚರ್ಚು. ಕಮ್ಯುನಿಸ್ಟ್ ಆಡಳಿತದಲ್ಲೂ ಚರ್ಚೇ ಆಸರೆ. ಹಾಗಾಗಿ ಕ್ಯಾಥೊಲಿಕ್ ಶ್ರದ್ಧೆಯನ್ನು ಬಿಟ್ಟರೆ ದೇಶವೇ ಕೈಜಾರೀತೆಂಬ ಹಿರಿಯರ ಭಯವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಇನ್ನೊಂದು ಕಡೆಯವರು ಧಾರ್ಮಿಕ ಸಹಿಷ್ಣುತೆಯನ್ನು ಸಾರಿದ 1573ರ ವಾರ್ಸಾ ಒಪ್ಪಂದವನ್ನು ನೆನೆಯುತ್ತಾರೆ; ಹಲವು ಮತಗಳ, ಯೂರೋಪಿಗೆ ತೆರೆದುಕೊಂಡ ಪೋಲೆಂಡೂ ಅಷ್ಟೇ ಹಳೆಯದು ಎನ್ನುತ್ತಾರೆ. 2020ರ ಅಕ್ಟೋಬರಿನಲ್ಲಿ ಸಾಂವಿಧಾನಿಕ ನ್ಯಾಯಮಂಡಳಿ ಗರ್ಭಪಾತದ ಹಕ್ಕನ್ನು ಮೊಟಕುಗೊಳಿಸಿದಾಗ ಬೀದಿಗಿಳಿದ ಯುವತಿಯರ ನೋವೂ ಅಷ್ಟೇ ನಿಜ. 2025ರ ಅಧ್ಯಕ್ಷೀಯ ಚುನಾವಣೆಯಲ್ಲಿ ಸಂಪ್ರದಾಯವಾದಿಗಳ ಬೆಂಬಲದ ನಾವ್ರೋಟ್ಸ್ಕಿ ಅವರಿಗೆ ಶೇ. 50.89, ಉದಾರವಾದಿ ತ್ಶಸ್ಕೋವ್ಸ್ಕಿ ಅವರಿಗೆ ಶೇ. 49.11 ಮತ. ನಿಮ್ಮ ಎದುರುಮನೆಯವರೂ ಪಕ್ಕದ ಮನೆಯವರೂ ಬೇರೆ ಬೇರೆ ಪಾಳಯದವರಾಗಿರಬಹುದು. ಒಂದೇ ಮನೆಯ ತಾಯಿ ಮಗಳೂ ಆಗಿರಬಹುದು.

ಈ ವಾದ ನಿಮ್ಮ ಮನೆಯೊಳಕ್ಕೆ ಮೊದಲು ಬರುವುದು ಶಾಲೆಯ ಮೂಲಕ. ಸರ್ಕಾರಿ ಶಾಲೆಯಲ್ಲಿ ‘ರೆಲಿಗಿಯಾ’ ಎಂಬ ಧರ್ಮಪಾಠ ಐಚ್ಛಿಕ. ಪೋಷಕರು ಬರೆದುಕೊಟ್ಟರೆ ಮಾತ್ರ ಮಗು ಕೂರುತ್ತದೆ; ಬದಲಿಗೆ ‘ಎಟಿಕಾ’, ಅಂದರೆ ನೀತಿಪಾಠವನ್ನು ಕೇಳಬಹುದು. ಪೋಲಿಷ್ ಓದಲು ಬಾರದೆ ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಬೇಡಿ, ತರಗತಿಯ ಶಿಕ್ಷಕರನ್ನು ಕೇಳಿ ತಿಳಿದುಕೊಳ್ಳಿ. ಗೆಳೆಯರೆಲ್ಲ ಆ ತರಗತಿಯಲ್ಲಿರುವಾಗ ಮಗು ಒಂಟಿಯಾಗುತ್ತದೆಯೇ ಎಂಬುದನ್ನೂ ಯೋಚಿಸಿ. ಇದಕ್ಕೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ.

ನವೆಂಬರ್ 11 ಸ್ವಾತಂತ್ರ್ಯ ದಿನ. ವಾರ್ಸಾದಲ್ಲಿ ರಾಷ್ಟ್ರವಾದಿ ಸಂಘಟನೆಗಳ ದೊಡ್ಡ ಮೆರವಣಿಗೆ ಇರುತ್ತದೆ, ಪಟಾಕಿ ಮತ್ತು ಹೊಗೆಯೂ ಇರುತ್ತದೆ. ಚಿಕ್ಕ ಮಕ್ಕಳೊಂದಿಗೆ ಆ ದಾರಿಯಲ್ಲಿ ಹೋಗದಿರುವುದು ಒಳ್ಳೆಯದು. ಹಾಗೆಂದು ಬಿಳಿ-ಕೆಂಪು ಬಾವುಟ ಕಂಡಲ್ಲೆಲ್ಲ ಹೆದರಬೇಡಿ, ಅದು ಎಲ್ಲರದು. ಪೋಜ್ನಾನ್‌ನಲ್ಲಿ ಅದೇ ದಿನ ಸಂತ ಮಾರ್ಟಿನನ ಹಬ್ಬ. ಬಿಳಿ ಗಸಗಸೆ ತುಂಬಿದ ‘ರೋಗಾಲ್’ ಎಂಬ ಸಿಹಿತಿನಿಸು ತಿಂದವರಿಗೆ ನಮ್ಮ ಗಸಗಸೆ ಪಾಯಸ ನೆನಪಾಗದೆ ಇರದು.

ಹೊಸ ಪರಿಚಯದ ಗಂಡಸರನ್ನು ‘ಪಾನ್’, ಹೆಂಗಸರನ್ನು ‘ಪಾನಿ’ ಎಂದೇ ಕರೆಯಿರಿ. ನಮ್ಮ ‘ತಾವು’ ಇದ್ದಂತೆ. ಚರ್ಚು, ಗರ್ಭಪಾತದ ಮಾತು ಬಂದರೆ ನಿಮ್ಮ ಅಭಿಪ್ರಾಯಕ್ಕಿಂತ ಮೊದಲು ಅವರ ಮನೆಯ ಕಥೆಯನ್ನು ಕೇಳಿ.

ಆಗಸ್ಟ್ 1ರ ಸಂಜೆ 5ಕ್ಕೆ ವಾರ್ಸಾದಲ್ಲಿ ಸೈರನ್ ಮೊಳಗಿದರೆ ಗಾಬರಿಯಾಗಬೇಡಿ. ನಾಜಿ ಜರ್ಮನಿಯ ವಿರುದ್ಧ ನಗರ ಎದ್ದ 1944ರ ದಂಗೆಯಲ್ಲಿ ಮಡಿದವರ ನೆನಪಿಗಾಗಿ ಜನ ನಿಂತಲ್ಲೇ ನಿಲ್ಲುತ್ತಾರೆ, ಕಾರುಗಳೂ ನಿಲ್ಲುತ್ತವೆ. ಮಗುವಿನ ಕೈ ಹಿಡಿದು ನೀವೂ ನಿಲ್ಲಿ.