ಟ್ರೇ ಪೀಸಾ, ಬಾಕ್ಸ್ ಪೀಸಾ? ದುಡ್ಡು ಕೊಡುವ ಮೊದಲು ಹೀಗೆ ನೋಡಿ

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಪ್ರೊಸೆಸರ್‌ಗೆ ಇಬ್ಬರು ಎರಡು ರೇಟು ಹೇಳಿದರೆ, ಕಡಿಮೆ ಹೇಳಿದವರ ಹತ್ತಿರ ಇರುವುದು ಹೆಚ್ಚಾಗಿ ‘ಟ್ರೇ ಪೀಸ್’. ಅಂದರೆ ಒಇಎಂ ಮಾಲು, ಕಂಪ್ಯೂಟರ್ ಜೋಡಿಸುವ ಕಂಪನಿಗಳಿಗೆಂದು ಸಗಟಾಗಿ ಹೋಗುವಂಥದ್ದು. ನಕಲಿಯಲ್ಲ, ಚಿಪ್ಪೂ ಅದೇ, ವೇಗವೂ ಅದೇ. ಕೆಟ್ಟಾಗ ಯಾರ ಹತ್ತಿರ ಹೋಗಬೇಕು ಎನ್ನುವುದೇ ಬೇರೆ: ಚಿಲ್ಲರೆ ಪೊಟ್ಟಣದಲ್ಲಿ ಬರುವ ‘ಬಾಕ್ಸ್ ಪೀಸ್’ ಆದರೆ ತಯಾರಕ ಕಂಪನಿಗೆ, ಟ್ರೇ ಪೀಸ್ ಆದರೆ ಕೊಂಡ ಅಂಗಡಿಗೆ. ‘ಮೂರು ವರ್ಷ ವಾರಂಟಿ ಇದೆ ಸಾರ್’ ಅಂದ ತಕ್ಷಣ ತಲೆಯಾಡಿಸಿ ಕೊಂಡು ಬರುವವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ರೇಟಿನ ಜೊತೆಗೇ ‘ಕಂಪನಿ ವಾರಂಟಿನಾ, ಅಂಗಡಿ ವಾರಂಟಿನಾ?’ ಎಂದು ಕೇಳಿ.

2. ಪೊಟ್ಟಣ ನೋಡಿ. ಹೊರದೇಶದಿಂದ ಬಂದು ಇಲ್ಲಿ ಚಿಲ್ಲರೆಯಾಗಿ ಮಾರುವ ಪೊಟ್ಟಣದ ಮೇಲೆ ಎಂಆರ್‌ಪಿ, ಆಮದುದಾರರ ಹೆಸರು, ವಿಳಾಸ ಇರಲೇಬೇಕು. ಟ್ರೇ ಪೀಸ್ ಬರುವುದು ಬರೀ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಕೂಲರ್ (ಪ್ರೊಸೆಸರನ್ನು ತಂಪಾಗಿಡುವ ಫ್ಯಾನು) ಇದೆಯೋ ಇಲ್ಲವೋ ಎಂಬುದನ್ನು ನೋಡಿ ತೀರ್ಮಾನಿಸಬೇಡಿ: ಇಂಟೆಲ್‌ನ, ಹೆಸರಿನ ಕೊನೆಗೆ ‘ಕೆ’ ಇರುವ ಮಾದರಿಗಳಿಗೆ ಬಾಕ್ಸಿನಲ್ಲೂ ಕೂಲರ್ ಇರುವುದಿಲ್ಲ, ಎಎಂಡಿಯ ‘ಎಂಪಿಕೆ’ ಎಂಬ ಸಗಟು ಮಾಲಿಗೆ ಇರುತ್ತದೆ.

3. ನಂಬರು ತಾಳೆ ಹಾಕಿ. ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಖಾಲಿ ಬಾಕ್ಸಿಗೆ ಟ್ರೇ ಪೀಸ್ ತುಂಬಿ ಮತ್ತೆ ಸೀಲು ಅಂಟಿಸುವವರೂ ಇದ್ದಾರೆ, ಹಾಗಾಗಿ ಸೀಲೊಂದನ್ನೇ ನೆಚ್ಚಿಕೊಳ್ಳಬೇಡಿ. ಇಂಟೆಲ್ ಪ್ರೊಸೆಸರ್‌ನ ಲೋಹದ ಮುಚ್ಚಳದ ಮೇಲೆ ‘ಎಫ್‌ಪಿಒ’ ಎಂಬ ಬ್ಯಾಚ್ ನಂಬರು ಕೊರೆದಿರುತ್ತದೆ. ಬಾಕ್ಸಿನ ಲೇಬಲ್ ಮೇಲೂ ಅದೇ ಇರಬೇಕು. ಅಕ್ಷರ ತೀರಾ ಸಣ್ಣದು, ಅಂಗಡಿಯ ಟ್ಯೂಬ್‌ಲೈಟಿಗೆ ಹೊಳೆದು ಓದಲಾಗುವುದಿಲ್ಲ. ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ. ಸೊನ್ನೆಯೋ ‘ಒ’ ಅಕ್ಷರವೋ ಎಂದು ಗೊಂದಲವಾದರೆ ಲೇಬಲ್ ನೋಡಿಕೊಳ್ಳಿ. ಎರಡೂ ಹೊಂದಿದ ಮೇಲೆ, ಲೇಬಲ್ಲಿನಲ್ಲೇ ಇರುವ ‘ಎಟಿಪಿಒ’ ಎಂಬ ಸೀರಿಯಲ್ ನಂಬರನ್ನೂ ಸೇರಿಸಿ ಇಂಟೆಲ್‌ನ ವಾರಂಟಿ ಪುಟದಲ್ಲಿ ಹಾಕಿ. ಕೊಂಡಲ್ಲಿಗೇ ಹೋಗಿ ಎಂಬ ಉತ್ತರ ಬಂದರೆ ಅದು ಟ್ರೇ ಪೀಸ್. ಇಷ್ಟನ್ನೂ ಕೌಂಟರಿನ ಮುಂದೆಯೇ ನಿಂತು ಮಾಡಿ. ‘ನೆಟ್‌ವರ್ಕ್ ಇಲ್ಲ, ಮನೇಲಿ ನೋಡ್ಕೊಳ್ಳಿ ಸಾರ್’ ಅಂದರೆ ಹೊರಗೆ ಬಂದು ಮುಂದಿನ ಅಂಗಡಿಗೆ ನಡೆಯಿರಿ.

4. ಹಾರ್ಡ್‌ಡಿಸ್ಕಿಗೂ ಇದೇ ಪಾಠ, ತಯಾರಕರ ಪುಟದಲ್ಲಿ ಸೀರಿಯಲ್ ನಂಬರು ಹಾಕಿ ನೋಡಿ. ಎಸ್‌ಎಸ್‌ಡಿಯಲ್ಲಿ (ಚಿಪ್ಪಿನಲ್ಲೇ ಮಾಹಿತಿ ಇಡುವ ವೇಗದ ಡಿಸ್ಕ್) ಇನ್ನೊಂದು ತೊಡಕಿದೆ. ಸ್ಯಾಮ್‌ಸಂಗ್‌ನ ಪಿಎಂ9ಎ1 ಎಂಬುದು 980 ಪ್ರೊ ಎಂಬ ಬಾಕ್ಸ್ ಪೀಸ್ ಎಸ್‌ಎಸ್‌ಡಿಯ ಒಇಎಂ ರೂಪ, ಓಟದಲ್ಲಿ ಏನೂ ಕಡಿಮೆಯಿಲ್ಲ. ಆದರೆ ಫರ್ಮ್‌ವೇರ್ (ಡಿಸ್ಕಿನೊಳಗೇ ಇದ್ದು ಅದನ್ನು ನಡೆಸುವ ತಂತ್ರಾಂಶ) ಅಪ್‌ಡೇಟ್ ಬೇಕೆಂದರೆ ಅದನ್ನು ಹಾಕಿಕೊಂಡ ಲ್ಯಾಪ್‌ಟಾಪ್ ಕಂಪನಿಯ ಕಡೆಗೇ ನೋಡಬೇಕು. ಊರಿನ ಮನೆಯ ಹಳೇ ಕಂಪ್ಯೂಟರಿಗಾದರೆ ಧಾರಾಳವಾಗಿ ಹಾಕಿ, ಮದುವೆ ಫೋಟೊ ಇಡುವ ಕಂಪ್ಯೂಟರಿಗೆ ಬೇಡ.

ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿ ಮಾತ್ರ ಬಾಕ್ಸಿನದೇ ಆಗಬೇಕು, ಇದರಲ್ಲಿ ಚೌಕಾಸಿ ಇಲ್ಲ. ಕ್ಯಾಬಿನೆಟ್ ಜೊತೆ ಪುಕ್ಕಟೆ ಕೊಡುವ ‘450 ವ್ಯಾಟ್’ ಡಬ್ಬಿಯನ್ನು ಅಲ್ಲೇ ವಾಪಸು ಕೊಟ್ಟುಬನ್ನಿ. ಅದು ಹೋಗುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

5. ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ, ಅದರಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರು ಬರೆಸಿ. ಟ್ರೇ ಪೀಸೇ ಸಾಕು ಅನಿಸಿದರೆ ಅಂಗಡಿ ವಾರಂಟಿ ಎಷ್ಟು ತಿಂಗಳು ಎಂಬುದೂ ಬಿಲ್ಲಿನಲ್ಲೇ ಬರಬೇಕು, ವಿಸಿಟಿಂಗ್ ಕಾರ್ಡಿನ ಹಿಂದೆ ಗೀಚಿದ್ದು ನಡೆಯುವುದಿಲ್ಲ. ಬಾಕ್ಸ್ ಪೀಸಿಗಿಂತ ನೂರಿನ್ನೂರು ರೂಪಾಯಿಯಷ್ಟೇ ಕಡಿಮೆಯಿದ್ದರೆ ಆ ಸಹವಾಸವೇ ಬೇಡ.

6. ವಿಂಡೋಸ್‌ನಲ್ಲೂ ಈ ಎರಡು ಬಗೆ ಇವೆ. ಒಇಎಂ ಲೈಸೆನ್ಸ್ ಮೊದಲು ಹಾಕಿದ ಮದರ್‌ಬೋರ್ಡಿಗೇ ಅಂಟಿಕೊಳ್ಳುತ್ತದೆ, ರೀಟೇಲ್ ಲೈಸೆನ್ಸನ್ನು ಹೊಸ ಕಂಪ್ಯೂಟರಿಗೆ ಒಯ್ಯಬಹುದು. ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ ಸಿಗುವ ‘ಲೈಫ್‌ಟೈಮ್ ಕೀ’ ಈ ಎರಡರಲ್ಲಿ ಯಾವುದೆಂದು ಮಾರುವವರನ್ನೇ ಕೇಳಿ ನೋಡಿ.