ಎಲ್ಲರ ಫೋಟೋ ಒಂದೇ ಥರ ಇರಬೇಕಾ?

ಹೆಸರಾಂತ ಜಾಗಕ್ಕೆ ಹೋದಾಗ ಎಲ್ಲರೂ ನಿಲ್ಲುವ ಕಡೆ ನಿಂತು ಮೊದಲು ಒಂದು ಫೋಟೋ ತೆಗೆದುಬಿಡಿ. ಆ ಆಸೆ ತೀರಿದ ಮೇಲೆಯೇ ಬೇರೆಯದು ಕಣ್ಣಿಗೆ ಬೀಳೋದು.

ಆಮೇಲೆ ದೂರ ಹೋಗಿ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಐಫೆಲ್ ಗೋಪುರದ ಎತ್ತರ 330 ಮೀಟರ್. ಬುಡದಲ್ಲಿ ನಿಂತು ಅಗಲ ನೋಟ ಹಿಡಿಯುವ ವೈಡ್ ಲೆನ್ಸ್‌ನಲ್ಲಿ ತೆಗೆದರೆ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ. ಅದೇ 2 ಕಿಲೋಮೀಟರ್ ದೂರದಿಂದ ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾಗೆ ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ ಲೆನ್ಸ್ ಹಾಕಿ, ಚಿತ್ರ ಉದ್ದುದ್ದ ಬರುವಂತೆ ಕ್ಯಾಮೆರಾ ತಿರುಗಿಸಿ ಹಿಡಿದು ನೋಡಿ. ಇಡೀ ಗೋಪುರ ಫ್ರೇಮಿನಲ್ಲಿ ಕೂರುತ್ತದೆ. ನಡುವಿನ ಮನೆಗಳ ಚಾವಣಿಗಳು ಅದಕ್ಕೆ ಅಂಟಿಕೊಂಡಂತೆ ಕಾಣುತ್ತವೆ. ಗೋಪುರ ನಿಜಕ್ಕೂ ಎಷ್ಟು ದೊಡ್ಡದು ಅಂತ ಗೊತ್ತಾಗೋದು ಆಗಲೇ. ಮೊಬೈಲಾದರೆ ದೂರದ್ದನ್ನು ಹಿಡಿಯುವ ಟೆಲಿ ಕ್ಯಾಮೆರಾ ಬಳಸಿ. ಬೆರಳಲ್ಲಿ ಸುಮ್ನೆ ಎಳೆದು ಜೂಮ್ ಮಾಡಿದರೆ ಚಿತ್ರ ಒಡೆಯುತ್ತದೆ.

ಇಲ್ಲವೇ ತೀರಾ ಹತ್ತಿರ ಹೋಗಿ. ತಾಜ್ ಮಹಲ್ ಅಂದರೆ ಕಾರಂಜಿ ಸಾಲಿನ ಹಿಂದಿನ ಗುಮ್ಮಟವೇ ನೆನಪಾಗುತ್ತದೆ, ಅಲ್ವಾ? ಹೊರಗೋಡೆಯ ಬಿಳಿ ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸಿದ ಹೂಬಳ್ಳಿಗಳಿವೆ. ಪಕ್ಕದಲ್ಲಿ ಉಬ್ಬಿಸಿ ಕೆತ್ತಿದ ಹೂಗಿಡಗಳಿವೆ. ಓರೆ ಬಿಸಿಲು ಬಿದ್ದಾಗ ಆ ಕೆತ್ತನೆಯ ಎಸಳಿಗೂ ನೆರಳು ಮೂಡುತ್ತದೆ. ಆ ಹೊತ್ತನ್ನು ಬಿಡಬೇಡಿ.

ಯಮುನೆಯ ಆಚೆ ದಡದ ಮೆಹತಾಬ್ ಬಾಗ್‌ನಿಂದ ತಾಜ್‌ನ ಹಿಂಬದಿ ಸಿಗುತ್ತದೆ. ಜನಸಂದಣಿ ಅಡ್ಡ ಬರುವುದಿಲ್ಲ. ಇನ್ನು ಮೋಡ, ಮಳೆ ಅಂತ ಕ್ಯಾಮೆರಾ ಒಳಗಿಡಬೇಡಿ. ಒದ್ದೆ ನೆಲದ ಪ್ರತಿಬಿಂಬ ಬಿಸಿಲಲ್ಲಿ ಸಿಗಲ್ಲ.

ತಾಜ್ ಮಹಲಿನ ಗೋರಿ ಇರುವ ಒಳಕೋಣೆಯಲ್ಲಿ ಫೋಟೋಗೆ ಅನುಮತಿ ಇಲ್ಲ. ಅಲ್ಲಿ ಕಣ್ತುಂಬಾ ನೋಡಿ ಬನ್ನಿ.